ಅಜ್ಜನ ಕೋವಿ ಕೆಡಿಸುವ ಕ್ರಮ

ಮೊದಲು ಕೋವಿ ಸಂಪಾದಿಸಿ. ಬಾಯಿಂದ ಮಸಿ ತುಂಬುವ ಕೇಪಿನ ಕೋವಿಯೇ ಆಗಬೇಕು. ತೋಟಾ ಕೋವಿ ಕೆಡಿಸಲು ವರ್ಷಗಟ್ಟಲೆ ಬೇಕು, ಇದಕ್ಕೆ ಒಂದು ಮಳೆಗಾಲ ಸಾಕು.

ನೀವು ಕೊಡಗಿನವರಾದರೆ ಅದು ಐನ್‌ಮನೆಯ ಗೋಡೆಯಲ್ಲಿ ಆಗಲೇ ನೇತಾಡುತ್ತಿರುತ್ತದೆ. ಇಳಿಸುವ ಮೊದಲು ಅದರ ಚರಿತ್ರೆ ಬಾಯಿಪಾಠ ಮಾಡಿ. 1861ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಸಿಕ್ಕಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿದ್ದು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು, ಎಲ್ಲವನ್ನೂ ಇಸವಿ ಸಮೇತ ಒಪ್ಪಿಸಲು ಬರಬೇಕು. ಇಷ್ಟು ಗೊತ್ತಿದ್ದವರು ನಳಿಗೆಯೊಳಗೆ ಏನಿದೆ ಎಂದು ತಿಳಿದುಕೊಳ್ಳಬೇಕಾಗಿಲ್ಲ.

ಮಲೆನಾಡಿನ ಕಡೆಯವರು ಬೆಳೆ ರಕ್ಷಣೆಗೆಂದು ಪರವಾನಗಿ ಕೇಳಿ ಅರ್ಜಿ ಹಾಕಿ. ಹಂದಿ ಬುಡಮೇಲು ಮಾಡಿದ ಅಡಿಕೆ ಸಸಿಯ ಫೋಟೋ ಲಗತ್ತಿಸಿ. ನಿಮ್ಮ ಕೋವಿಯಿಂದ ಹಂದಿಗೆ ಯಾವ ಅಪಾಯವೂ ಇಲ್ಲ ಎಂಬುದನ್ನು ಅರ್ಜಿಯಲ್ಲಿ ಬರೆಯಬೇಡಿ.

ಈಡು ತುಂಬುವ ಕ್ರಮ ಸರಳ. ನಳಿಗೆಯ ಬಾಯಿಂದ ಮಸಿ, ಅದರ ಮೇಲೆ ತೆಂಗಿನ ಕತ್ತ, ಗಜದಿಂದ ನಾಲ್ಕು ಜಡಿತ. ಆಮೇಲೆ ಚರೆಯೋ ಗುಂಡೋ, ಮತ್ತೆ ಕತ್ತ, ಮತ್ತೆ ಜಡಿತ. ಎಲ್ಲ ಮುಗಿದ ಮೇಲೆ ಕೇಪು. ಇಷ್ಟರಲ್ಲಿ ತಪ್ಪಲು ಎಡೆ ಎಲ್ಲಿದೆ ಎಂದು ಕಂಗೆಡಬೇಡಿ, ಹೆಜ್ಜೆಹೆಜ್ಜೆಗೂ ಇದೆ.

ಮಸಿಯನ್ನು ಅಳತೆ ಕೊಳವೆಯಲ್ಲಿ ಅಳೆಯಬೇಡಿ, ಅದು ಅಳುಕು ಇರುವವರ ಪದ್ಧತಿ. ಅಂಗೈಗೆ ಸುರಿದುಕೊಂಡು ಅಂದಾಜು ಮಾಡಿ. ಸದ್ದು ಸಾಲದು ಅನ್ನಿಸಿದರೆ ಇನ್ನೊಂದು ಚಿಟಿಕೆ ಹಾಕಿ. ಕರಿಮಸಿ ಸಿಗದಿದ್ದರೆ ಹೊಸ ಕಾಲದ ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನೇ ಸುರಿಯಿರಿ ಎಂದು ಹೇಳುವ ಗುರುಗಳೂ ಇದ್ದಾರೆ. ಆ ಮದ್ದಿನ ಒತ್ತಡ ತಡೆಯುವ ತಾಕತ್ತು ಅಜ್ಜನ ಕಾಲದ ನಳಿಗೆಗೆ ಇಲ್ಲ. ಈ ಪಾಠಕ್ಕೆ ಸೇರುವ ಮೊದಲು ಗುರುವಿನ ಎಡಗೈ ಬೆರಳುಗಳನ್ನು ಒಮ್ಮೆ ಎಣಿಸಿ.

ಈಡು ತುಂಬುವಾಗ ಮಾತಾಡುತ್ತಿರಿ. ಮಾತಿನ ಭರದಲ್ಲಿ ಮಸಿ ಮರೆತು ಬರಿಯ ಗುಂಡು ಜಡಿದರೆ ಅದನ್ನು ಹೊರಗೆಳೆಯುವುದೇ ಒಂದು ಭಾನುವಾರದ ಹವ್ಯಾಸ. ತುಂಬಿದ್ದೇನೋ ಇಲ್ಲವೋ ಎಂಬ ಸಂಶಯ ಬಂದಾಗ ಇನ್ನೊಮ್ಮೆ ತುಂಬಿ. ಗಜವನ್ನು ಖಾಲಿ ನಳಿಗೆಗೆ ಇಳಿಸಿ ಒಂದು ಗೆರೆ, ಈಡು ತುಂಬಿದ ನಳಿಗೆಗೆ ಇಳಿಸಿ ಇನ್ನೊಂದು ಗೆರೆ ಕೊರೆದಿಟ್ಟುಕೊಂಡರೆ ಈ ಸಂಶಯ ಒಂದೇ ನೋಟಕ್ಕೆ ಪರಿಹಾರವಾಗುತ್ತದೆ. ಆದ್ದರಿಂದ ಗೆರೆ ಕೊರೆಯಬೇಡಿ. ಈ ವಿಷಯದಲ್ಲಿ ನಿಮಗಿಂತ ದೊಡ್ಡವರು ಆಗಿಹೋಗಿದ್ದಾರೆ. ಅಮೆರಿಕದಲ್ಲಿ 1863ರ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಹೆಕ್ಕಿ ತಂದ 27,000ಕ್ಕೂ ಮಿಕ್ಕಿದ ಕೋವಿಗಳಲ್ಲಿ ಸುಮಾರು 24,000 ಈಡು ತುಂಬಿದಂತೆಯೇ ಇದ್ದವು. ಅದರಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು, ಒಂದರೊಳಗಂತೂ 23. ಆ ಸಿಪಾಯಿಯ ತಾಳ್ಮೆ ಎಲ್ಲರಿಗೂ ಬರುವಂಥದ್ದಲ್ಲ, ನೀವು ಎರಡರಿಂದ ಶುರು ಮಾಡಿ.

ಗಜವನ್ನು ನಳಿಗೆಯಲ್ಲೇ ಮರೆತು ಹೊಡೆಯುವುದು ಇನ್ನೊಂದು ಹಳೆಯ ವಿದ್ಯೆ. ನಮ್ಮ ದೊಡ್ಡಮಾವ ಒಮ್ಮೆ ಹಾಗೆ ಹೊಡೆದರು. ಗಜ ಹಲಸಿನ ಮರಕ್ಕೆ ನಾಟಿ ವೀಣೆಯ ತಂತಿಯ ಹಾಗೆ ಬಹಳ ಹೊತ್ತು ಅದುರುತ್ತಿತ್ತು. ಹಂದಿ ಸ್ವಲ್ಪ ದೂರ ಹೋಗಿ, ನಿಂತು, ತಿರುಗಿ ನೋಡಿತು.

ಕೋವಿಯ ಕುದುರೆ ಬಿದ್ದು ಕೇಪು ಟಪ್ ಎಂದು, ಈಡು ಹಾರದಿದ್ದರೆ? ಬಾಯಿಯನ್ನು ಗುರಿಯ ಕಡೆಗೇ ಹಿಡಿದು ನಿಮಿಷಗಟ್ಟಲೆ ಕಾಯಬೇಕು, ಒಳಗೆ ಕಿಡಿ ಇದ್ದರೆ ತಡವಾಗಿ ಹಾರೀತು ಎಂದು ಹಿರಿಯರು ಹೇಳುತ್ತಾರೆ. ಅಷ್ಟು ಪುರುಸೊತ್ತು ನಿಮಗೆಲ್ಲಿದೆ? ಕೋವಿ ತಿರುಗಿಸಿ ಒಳಗೆ ಇಣುಕಿ. ಮುಖಕ್ಕೆ ಮಸಿ ಬಳಿದುಕೊಳ್ಳುವುದು ಎಂಬ ಮಾತು ಬರಿಯ ಮಾತಾಗಿ ಉಳಿದರೆ ಅದು ನಿಮ್ಮ ಪುಣ್ಯ.

ಇನ್ನು ಮುಖ್ಯ ಅಧ್ಯಾಯ, ತೊಳೆಯದಿರುವುದು.

ಕರಿಮಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಟ್ಟ ಮೇಲೂ ಘನವಾಗಿಯೇ ಉಳಿಯುತ್ತದೆ. ಅದರಲ್ಲೊಂದಿಷ್ಟು ಬಿಳಿ ಹೊಗೆಯಾಗಿ ಹೋದರೆ ಮಿಕ್ಕಿದ್ದು ನಳಿಗೆಯೊಳಗೆ ಕಿಟ್ಟವಾಗಿ ಅಂಟಿಕೊಳ್ಳುತ್ತದೆ. ಈ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಆಟಿಯ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯೇ ನೀರಾಗುವ ಊರು ನಿಮ್ಮದು; ಅಲ್ಲಿ ಇದಕ್ಕೆ ಯಾರ ಸಹಾಯವೂ ಬೇಡ. ನೀವು ಸುಮ್ಮನಿದ್ದರೆ ಸಾಕು. ಹೊಡೆದ ದಿನವೇ ಬಿಸಿನೀರು ಸುರಿದು, ಗಜಕ್ಕೆ ಚಿಂದಿ ಸುತ್ತಿ ಉಜ್ಜಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರುವವರು ಇದ್ದಾರೆ. ಅವರನ್ನು ಕಂಡರೆ ‘ಕಬ್ಬಿಣಕ್ಕೆ ನೀರು ಹಾಕುವುದೇ!’ ಎಂದು ಹೌಹಾರಿ. ಈ ಒಂದು ಉದ್ಗಾರ ಬಲಿ ತೆಗೆದುಕೊಂಡಷ್ಟು ಕೋವಿಗಳನ್ನು ಗೆದ್ದಲೂ ತಿಂದಿಲ್ಲ.

ಮನೆಯವರು ತೀರಾ ಕಾಟ ಕೊಟ್ಟರೆ ತೆಂಗಿನೆಣ್ಣೆ ಸುರಿಯಿರಿ, ಧಾರಾಳವಾಗಿ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಡಿಸೆಂಬರ್ ಬೆಳಗ್ಗೆ ಕೇಳುವುದೇ ಬೇಡ. ಹೆಪ್ಪಾದ ಎಣ್ಣೆ ಕೇಪಿನ ಕಿಡಿ ಒಳಗಿಳಿಯುವ ಸೂಜಿಮೊನೆಯಷ್ಟು ತೂತನ್ನು ಮೇಣ ಹಾಕಿದ ಹಾಗೆ ಮುಚ್ಚುತ್ತದೆ. ಆಮೇಲೆ ಎಷ್ಟು ಕೇಪು ಇಟ್ಟರೂ ಟಪ್, ಟಪ್. ದೀಪಾವಳಿಯ ಮಕ್ಕಳ ಪಿಸ್ತೂಲಿಗೂ ಇಷ್ಟು ಕಡಿಮೆ ಅಪಾಯವಿಲ್ಲ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಇಳಿಸಿ. ನಾಟಿ ಮುಗಿಯುವ ತನಕ ಅದಕ್ಕೆ ರಜೆ ಇದ್ದೇ ಇತ್ತು. ಹೊರಗಡೆ ಫಳಫಳ ಉಜ್ಜಿ, ಗಂಧ ಹಚ್ಚಿ, ಬೆಂಕಿಯ ನಾಲಗೆಯಂಥ ತೋಕ್ ಪೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿ. ಪೂಜೆಯಾದ ಮೇಲೆ ಹೂವನ್ನು ತೆಗೆಯಲು ಮರೆಯಿರಿ. ಮುಂದಿನ ವರ್ಷದ ಹೂವಿಗೆ ಅದೇ ಕತ್ತವಾಗುತ್ತದೆ.

ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಪಂದ್ಯ. ಸರದಿಯ ಕೊನೆಗೆ ನಿಲ್ಲಿ, ಅಷ್ಟರಲ್ಲಿ ಬೇರೆ ಯಾರಾದರೂ ಕಾಯಿ ಒಡೆದು ನಿಮ್ಮ ಮಾನ ಉಳಿಸಿಯಾರು. ಹೊಡೆಯಲೇಬೇಕಾಗಿ ಬಂದರೆ ಅಂಜಬೇಡಿ. ಕರಿಮಸಿಯ ದೊಡ್ಡ ಗುಣವೆಂದರೆ ಅದರ ಹೊಗೆ. ಅದು ಕರಗುವ ತನಕ ಕಾಯಿ ಒಡೆದಿದೆಯೋ ಇಲ್ಲವೋ ಯಾರಿಗೂ ಕಾಣದು. ಆ ನಾಲ್ಕೈದು ಕ್ಷಣ ನೀವು ಊರಿಗೇ ದೊಡ್ಡ ಈಡುಗಾರ, ಮೀಸೆ ತಿರುವಿಕೊಳ್ಳಿ. ಹೊಗೆ ಕರಗಿದ ಮೇಲೆ ಗಾಳಿಯನ್ನು ಬೈಯಿರಿ.

ಚುನಾವಣೆ ಘೋಷಣೆಯಾದರೆ ಹಿಗ್ಗಿ. ಕೋವಿಯನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶ ಬರುತ್ತದೆ. ತೊಳೆಯದೆ, ಎಣ್ಣೆ ಹಚ್ಚದೆ, ಗೋಣಿಯಲ್ಲಿ ಸುತ್ತಿ ಕೊಟ್ಟು ಬನ್ನಿ. ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬಂದು, ಅಂಗಳದಲ್ಲಿ ಗೋಣಿ ಬಿಚ್ಚಿ, ನೆರೆಯವರು ಕೇಳುವ ಹಾಗೆ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳಿ. ಇಪ್ಪತ್ತು ವರ್ಷದ ತುಕ್ಕಿಗೆ ಎರಡು ತಿಂಗಳಲ್ಲಿ ಹೊಣೆಗಾರರು ಸಿಕ್ಕಂತಾಯಿತು.

ಕಡೆಯದಾಗಿ ಒಂದು ಎಚ್ಚರಿಕೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಇದು ಹಿಂದಿನಿಂದ ಬಂದ ಪದ್ಧತಿ, ಗುಡ್ಡದಾಚೆಯ ಮನೆಗಳಿಗೆ ಸುದ್ದಿ ಮುಟ್ಟುವುದೇ ಹೀಗೆ. ಈ ಕ್ರಮದಂತೆ ಕಾಪಾಡಿದ ಕೋವಿ ಮೊದಲ ಈಡು ಹಾರಿಸಿ ಎರಡನೆಯದಕ್ಕೆ ಟಪ್ ಎನ್ನುವ ಸಂಭವ ಇದೆ. ಹಾಗಾದರೆ ನೆಂಟರು ನಗುಮುಖದಲ್ಲಿ ಬಾಳೆಗೊನೆ, ತುಪ್ಪದ ಡಬ್ಬಿ ಹಿಡಿದು ತೊಟ್ಟಿಲು ನೋಡಲು ಗದ್ದೆ ಏರಿಯ ಮೇಲೆ ಬರುತ್ತಿರುತ್ತಾರೆ. ನೀವು ಅರ್ಧ ದಾರಿಗೆ ಹೋಗಿ ಅವರನ್ನು ನಿಲ್ಲಿಸಿ, ತುಪ್ಪ ಕೈಗೆ ತೆಗೆದುಕೊಂಡು, ಮೆಲ್ಲಗೆ ವಿಷಯ ತಿಳಿಸಿ.