ಕೈಬಿಟ್ಟ ಯುನಿಕ್ಸ್ ಮತ್ತು ಎಣ್ಮಕಜೆ ಸಿದ್ಧಾಂತ

ತಯಾರಕರು ಕೈಬಿಟ್ಟ ಗಣಕ ವ್ಯವಸ್ಥೆಯೊಂದನ್ನು ಬಳಕೆದಾರರೇ ಕೂಡಿಕೊಂಡು ಉಳಿಸಿಕೊಳ್ಳುವ ವಿದ್ಯೆ ಅಮೆರಿಕ, ಯೂರೋಪುಗಳ ಹವ್ಯಾಸಿಗಳಿಂದ ಶುರುವಾಯಿತು ಎಂಬ ಅಭಿಪ್ರಾಯ ತಿಳಿದವರಲ್ಲಿ ಬೇರೂರಿಬಿಟ್ಟಿದೆ. ಈ ಅಭಿಪ್ರಾಯ ವಿಚಾರದ ಮುಂದೆ ನಿಲ್ಲುವಂಥದ್ದಲ್ಲ. ಸದರಿ ವಿದ್ಯೆಯು ಕಾಸರಗೋಡು ಜಿಲ್ಲೆ ಮಂಜೇಶ್ವರ ತಾಲೂಕಿನ ಎಣ್ಮಕಜೆ ಗ್ರಾಮ ಪಂಚಾಯತಿನಲ್ಲಿ 1956ರ ನವೆಂಬರ್ 1ನೇ ತಾರೀಕಿನಿಂದ ಒಂದು ದಿನವೂ ತಪ್ಪದೆ ಅಭ್ಯಾಸದಲ್ಲಿದೆ. ಪಶ್ಚಿಮದವರು ಸುಮಾರು ಐವತ್ತು ವರ್ಷ ತಡವಾಗಿ, ಅದೂ ಯಂತ್ರಗಳ ಸಹಾಯ ಪಡೆದು, ಅದನ್ನೇ ಮತ್ತೊಮ್ಮೆ ಕಂಡುಕೊಂಡರು. ಇಷ್ಟನ್ನು ಸಾಧಿಸುವುದು ಈ ಪ್ರಬಂಧದ ಪ್ರತಿಜ್ಞೆ. ಪೆರ್ಲ, ಶೇಣಿ, ಪಡ್ರೆ, ಕಾಟುಕುಕ್ಕೆ ಕಡೆಯ ಜನರಿಗೆ ತಾವು ಇಂಥದೊಂದು ಶಾಸ್ತ್ರದ ಪ್ರವರ್ತಕರೆಂಬ ಸಂಗತಿ ತಿಳಿಯದೇ ಇರಬಹುದು. ಪ್ರವರ್ತಕರಿಗೆ ಅದು ತಿಳಿದಿರಬೇಕೆಂಬ ನಿಯಮವೇನೂ ಶಾಸ್ತ್ರಗಳಲ್ಲಿಲ್ಲ. ವ್ಯಾಕರಣ ಓದಿ ಮುಗಿಸಿ ಆಮೇಲೆ ಬಾಯಿ ತೆರೆದ ಕೂಸು ಈವರೆಗೆ ಹುಟ್ಟಿಲ್ಲ. ಎಣ್ಮಕಜೆಯ ಹೆಸರು ಹೊರಲೋಕಕ್ಕೆ ಮುಟ್ಟಿದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತದಿಂದ. ಅದು ಅಣಕಕ್ಕೆ ಒದಗಬಾರದ ವಸ್ತುವಾದ್ದರಿಂದ ಇಲ್ಲಿ ಅದನ್ನು ಮುಟ್ಟುವುದಿಲ್ಲ.

ಮೊದಲು ಪಶ್ಚಿಮದವರ ಸಾಧನೆಯನ್ನು ನ್ಯಾಯವಾಗಿ ನಿರೂಪಿಸಬೇಕು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇವರ ಕೈಯಲ್ಲಿ ಹುಟ್ಟಿತು. ಅದರ ಸಂತಾನ ಬಹಳ. ಆ ಪೈಕಿ ಕ್ಯಾಲಿಫೋರ್ನಿಯದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಐರಿಕ್ಸ್ ಒಂದು. ಒಂದು ಕಾಲಕ್ಕೆ ಇದರ ದರ್ಬಾರೇ ದರ್ಬಾರು. 1993ರ ಜುರಾಸಿಕ್ ಪಾರ್ಕ್ ಚಿತ್ರದ ಗಣಕ ಡೈನೋಸಾರ್‌ಗಳು ಈ ಕಂಪನಿಯ ಯಂತ್ರಗಳಲ್ಲೇ ಹುಟ್ಟಿದವು. ಅದೇ ಚಿತ್ರದಲ್ಲಿ ಹುಡುಗಿಯೊಬ್ಬಳು ಪರದೆ ನೋಡಿದೊಡನೆ ಯುನಿಕ್ಸನ್ನು ಗುರುತು ಹಿಡಿದು ಎಲ್ಲರ ಜೀವ ಉಳಿಸುತ್ತಾಳೆ. ಆಮೇಲೆ ಅಗ್ಗದ ಪೀಸಿಗಳು ಬಂದವು, ದರ್ಬಾರು ಕರಗಿತು. 2006ರಲ್ಲಿ ಐರಿಕ್ಸ್‌ನ ಕೊನೆಯ ಆವೃತ್ತಿ 6.5.30 ಹೊರಬಂದು ಅದೇ ವರ್ಷ ಯಂತ್ರಗಳ ತಯಾರಿ ನಿಂತಿತು. 2009ರಲ್ಲಿ ಕಂಪನಿ ದಿವಾಳಿಯಾಗಿ ಕೈ ಬದಲಾಯಿತು. 2013ರ ಕೊನೆಗೆ ಬೆಂಬಲವೂ ನಿಂತಿತು. 2016ರಲ್ಲಿ ಉಳಿದದ್ದೆಲ್ಲ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನ ಪಾಲಾಯಿತು. ಮೂಲ ಸಂಕೇತವನ್ನು ಮಾತ್ರ ಯಾವ ಧಣಿಯೂ ಬಳಕೆದಾರರ ಕೈಗೆ ಕೊಡಲಿಲ್ಲ. ಇಷ್ಟಾದ ಮೇಲೂ ಕೆಲವರು 1997ರ ಆಕ್ಟೇನ್ ಎಂಬ, 20 ಕಿಲೋಗೂ ಮಿಕ್ಕಿ ತೂಗುವ ನೀಲಿಹಸಿರು ಪೆಟ್ಟಿಗೆಗಳನ್ನು ಬಿಡದೆ ಹಿಡಿದುಕೊಂಡಿದ್ದಾರೆ, ಇವತ್ತಿನ ತಂತ್ರಾಂಶಗಳನ್ನು ತಂದು ಅವುಗಳಲ್ಲಿ ಓಡಿಸುತ್ತಾರೆ. ಇದಕ್ಕೆ ಪೋರ್ಟ್ ಮಾಡುವುದು ಎನ್ನುತ್ತಾರೆ.

ಪೋರ್ಟ್ ಮಾಡುವವನ ಕಷ್ಟ ಹತ್ತಿರದಿಂದ ನೋಡಿದವರಿಗೇ ಗೊತ್ತು. ಹೊಸ ಪ್ರೋಗ್ರಾಮು ತನಗೆ ಇಂಥಿಂಥ ಫಂಕ್ಷನ್ ಬೇಕೆಂದು ಹಠ ಹಿಡಿಯುತ್ತದೆ. ಹಳೆಯ ಲೈಬ್ರರಿಯಲ್ಲಿ ಅದು ಇರುವುದಿಲ್ಲ. ತಾನೇ ಕೂತು ಬರೆದು ಪಕ್ಕದಲ್ಲಿ ಇಡಬೇಕು. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರ್ ಕೂಡ 2013ರ ಆವೃತ್ತಿಯಿಂದ ಐರಿಕ್ಸನ್ನು ಪಟ್ಟಿಯಿಂದ ಕಿತ್ತುಹಾಕಿದೆ, ಅದನ್ನೂ ಒಲಿಸಿಕೊಳ್ಳಬೇಕು. ಇದೆಲ್ಲಕ್ಕಿಂತ ಸೂಕ್ಷ್ಮವಾದದ್ದು ಬೈಟುಗಳ ಪಂಕ್ತಿಭೇದ. ಐರಿಕ್ಸ್ ಓಡುವ ಮಿಪ್ಸ್ ಪ್ರೊಸೆಸರು ಒಂದು ಸಂಖ್ಯೆಯ ಹಿರಿಯ ಬೈಟನ್ನು ಮೊದಲು ಕೂರಿಸುತ್ತದೆ, ಇಂಟೆಲ್ ಪ್ರೊಸೆಸರು ಕಿರಿಯ ಬೈಟನ್ನು. ಇಂಟೆಲ್ ಒಂದೇ ಲೋಕದಲ್ಲಿರುವುದು ಎಂದುಕೊಂಡು ಬರೆದ ಚಿತ್ರತಂತ್ರಾಂಶವನ್ನು ಹಾಗೇ ತಂದು ಓಡಿಸಿದರೆ ಬಣ್ಣದ ಬೈಟುಗಳು ತಿರುಗುಮುರುಗಾಗಿ ಕೆಂಪಿನ ಜಾಗದಲ್ಲಿ ನೀಲಿ ಬಂದು ಕೂರಬಹುದು. ರಾಮಾಯಣದ ಚಿತ್ರದಲ್ಲಿ ರಾಮ ನೀಲವರ್ಣದಲ್ಲಿ ಕಂಡರೆ ಅಡ್ಡಿಯಿಲ್ಲ. ದಶರಥ, ಕೈಕೇಯಿ, ಮಂಥರೆ ಎಲ್ಲರೂ ನೀಲಿಗಟ್ಟಿದರೆ ಪೋರ್ಟಿನಲ್ಲಿ ದೋಷವಿದೆ ಎಂದೇ ತಿಳಿಯಬೇಕು. ಇನ್ನು ಯಂತ್ರಗಳೋ, ಬೆರಳೆಣಿಕೆಯವು. ಆದಕಾರಣ ಆಕ್ಟೇನ್ ಇದ್ದವನು ಅದನ್ನು ರಾತ್ರಿಯಿಡೀ ಚಾಲೂ ಇಟ್ಟು, ಯಂತ್ರವಿಲ್ಲದವನಿಗೆ ದೂರದಿಂದಲೇ ಲಾಗಿನ್ ಕೊಡುತ್ತಾನೆ. ಒಬ್ಬನ ಕರೆಂಟ್ ಬಿಲ್ಲು, ಇನ್ನೊಬ್ಬನ ನಿದ್ದೆ, ಮೂರನೆಯವನ ಸಿ ಭಾಷೆಯ ಜ್ಞಾನ ಇಷ್ಟೂ ಸೇರಿ ಒಂದು ಪ್ರೋಗ್ರಾಮು ಕಣ್ಣು ಬಿಡುತ್ತದೆ.

ಈಗ ಎಣ್ಮಕಜೆಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣೆಯಂದು, ಎಣ್ಮಕಜೆ ಆಗ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಗಡಿಯಾದ ಅಡ್ಕಸ್ಥಳದ ಆಚೆ ಕನ್ನಡಕ್ಕೆ ಸರಕಾರದ ಬೆಂಬಲ ಮುಂದುವರಿಯಿತು, ಈಚೆ ನಿಂತಿತು. ಕನ್ನಡವೆಂಬ ವ್ಯವಸ್ಥೆಯೇನೂ ಆ ದಿನ ಕೆಟ್ಟುಹೋಗಲಿಲ್ಲ. ಮಾರನೆ ದಿನ ಬೆಳಗ್ಗೆ ಎದ್ದು ಜನ ಅದರಲ್ಲೇ ಬೈದರು, ಅದರಲ್ಲೇ ಲೆಕ್ಕ ಬರೆದರು. ತೊಂದರೆ ಶುರುವಾದದ್ದು ಹೊಸ ತಂತ್ರಾಂಶ ಬಂದಾಗ, ಅಂದರೆ ಹೊಸ ಅರ್ಜಿ ನಮೂನೆ ಬಂದಾಗ. ಸರಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಗಳ ಪೈಕಿ ಗಡಿನಾಡಿನ ಯಾವುದೇ ಒಂದರಲ್ಲಿ ನಡೆಯುವ ವಿಧಿಯನ್ನು ನೋಡಿ. ನಮೂನೆ ಮಲಯಾಳದಲ್ಲಿದೆ. ಅದನ್ನು ಓದಬಲ್ಲ ಹುಡುಗ ತುಳುವಿನಲ್ಲಿ ಪ್ರಶ್ನೆ ಕೇಳುತ್ತಾನೆ, ಅಜ್ಜ ಹವ್ಯಕ ಕನ್ನಡದಲ್ಲಿ ಉತ್ತರಿಸುತ್ತಾರೆ, ಪಕ್ಕದಲ್ಲಿ ನಿಂತ ಕರಾಡ ಮನೆಮಾತಿನವರು ಅದನ್ನು ತಿದ್ದುತ್ತಾರೆ, ಹುಡುಗ ಮಲಯಾಳದಲ್ಲಿ ತುಂಬುತ್ತಾನೆ, ರಶೀದಿ ಇಂಗ್ಲಿಷಿನಲ್ಲಿ ಹೊರಬರುತ್ತದೆ. ಒಂದು ಯಂತ್ರದಲ್ಲಿ ಕೂತು ಇನ್ನೊಂದು ಯಂತ್ರಕ್ಕೆ ಪ್ರೋಗ್ರಾಮು ಸಿದ್ಧಪಡಿಸುವ ಕ್ರಮವನ್ನು ಗಣಕಶಾಸ್ತ್ರದಲ್ಲಿ ಕ್ರಾಸ್ ಕಂಪೈಲ್ ಎಂದು ಕರೆದು, ಕಠಿಣವೆಂದು ಬಣ್ಣಿಸಿ, ಕಾಲೇಜುಗಳಲ್ಲಿ ಮೇಲಿನ ತರಗತಿಗೆ ಇಟ್ಟಿದ್ದಾರೆ. ಇಲ್ಲಿ ಅದು ರೇಷನ್ ಕಾರ್ಡಿನ ತಿದ್ದುಪಡಿಗೆ ಸಾಲುತ್ತದೆ. ಆ ಹುಡುಗ ಒಬ್ಬನೇ ಇರುವುದರಿಂದ ಇಡೀ ಬೈಲಿಗೆ ಬೈಲೇ ಅವನನ್ನು ಹಂಚಿಕೊಂಡು ಬಳಸುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. 1956ಕ್ಕೆ ಮೊದಲು ಕಾಸರಗೋಡು ಮೈಸೂರು ಸಂಸ್ಥಾನದ್ದಾಗಿರಲಿಲ್ಲವಲ್ಲ, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಿರುವಾಗ ತಯಾರಕರು ಕೈಬಿಟ್ಟರು ಎನ್ನುವುದು ಹೇಗೆ, ಕೈ ಹಿಡಿದದ್ದು ಯಾವಾಗ? ಆಕ್ಷೇಪ ಗಟ್ಟಿಯಾಗಿದೆ, ಆದರೆ ಯುನಿಕ್ಸ್ ಚರಿತ್ರೆ ಓದದವರ ಆಕ್ಷೇಪ. ಐರಿಕ್ಸ್ ಕೂಡ ಸಿಲಿಕಾನ್ ಗ್ರಾಫಿಕ್ಸ್‌ನವರ ಸ್ವಂತ ಬಸಿರಿನದಲ್ಲ. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ತಂದು, ಬರ್ಕ್ಲಿಯಿಂದ ಒಂದಷ್ಟು ಸೇರಿಸಿ ಕಟ್ಟಿದ್ದು. ಯಾರ ಪರವಾನಗಿಯ ಕೆಳಗೆ ಓಡುತ್ತಿತ್ತು ಎಂಬುದಕ್ಕೂ ಯಾರು ಬಳಸುತ್ತಿದ್ದರು ಎಂಬುದಕ್ಕೂ ಸಂಬಂಧ ಕಡಿಮೆ. ಮದರಾಸು ಪರವಾನಗಿಯ ಕಾಲದಲ್ಲೇ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವೆಂಬ ಹಳೆಯ ಕಡ್ಡಾಯ ಸೌಲಭ್ಯವನ್ನು ಕಿತ್ತುಹಾಕಿ ಕನ್ನಡ ಕಾವ್ಯವನ್ನು ಹಗುರ ಮಾಡಿದರು. ಅದೇ ಮದರಾಸು ಸರಕಾರ 1949ರಲ್ಲಿ ಅವರನ್ನು ರಾಷ್ಟ್ರಕವಿ ಎಂದಿತು. ಐರಿಕ್ಸ್‌ನ ಮನೆಯಿಂದ ಹೊರಟ ಓಪನ್‌ಜಿಎಲ್, ಎಕ್ಸ್‌ಎಫ್‌ಎಸ್ ಇವತ್ತು ಐರಿಕ್ಸ್ ಹೆಸರೇ ಕೇಳದವರ ಗಣಕಗಳಲ್ಲೂ ಓಡುತ್ತಿವೆ. ಪ್ರಾಸ ಬಿಟ್ಟು ಕವಿತೆ ಬರೆಯುವ ಬೆಂಗಳೂರಿನ ಕವಿಗಳೂ ಆ ಋಣವನ್ನು ಅಷ್ಟೇ ನೆನೆಯುತ್ತಾರೆ. ಕಾಸರಗೋಡಿಗೆ ಹೊಸ ಆವೃತ್ತಿಯ ಭರವಸೆಯೂ ಸಿಕ್ಕಿರಲಿಲ್ಲವೆಂದಲ್ಲ. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸತಕ್ಕದ್ದೆಂದು ಗಡಿ ತಕರಾರಿನ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಘೋಷಣೆಯಾಗಿಯೂ ಬಿಡುಗಡೆಯಾಗದ ತಂತ್ರಾಂಶಗಳ ಪಟ್ಟಿ ಮಾಡುವವರು ಇದನ್ನು ಮೇಲಿನ ಸಾಲಿನಲ್ಲೇ ಬರೆದುಕೊಳ್ಳಬಹುದು.

ಎರಡನೆಯ ಆಕ್ಷೇಪ ಪ್ರಯೋಜನವಾದಿಗಳದು. ಜೇಬಿನ ಫೋನು ಆಕ್ಟೇನನ್ನು ಎಷ್ಟೋ ಪಟ್ಟು ಮೀರಿಸುವಾಗ ಈ ಪಾಡೇಕೆ? ಹೊಸದು ಕೊಂಡರಾಯಿತು, ಹೊಸದಕ್ಕೆ ಹೋದರಾಯಿತು, ಎಣ್ಮಕಜೆಯವರು ಮಲಯಾಳವನ್ನೇ ಪೂರ್ತಿ ಒಪ್ಪಿಕೊಂಡರಾಯಿತು. ಇದಕ್ಕೆ ಉತ್ತರವಾಗಿ ತಾಳಮದ್ದಳೆಯನ್ನು ಪ್ರಮಾಣವಾಗಿ ಒಡ್ಡುತ್ತೇವೆ. ಶೇಣಿ ಎಂಬ ಊರನ್ನೇ ಹೆಸರಿನಲ್ಲಿ ಹೊತ್ತ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತು ರಾಮನ ಬಾಣವನ್ನು ಎಷ್ಟೋ ಇರುಳು ಪ್ರಶ್ನಿಸಿದರು. ವೇಷವಿಲ್ಲ, ಕುಣಿತವಿಲ್ಲ, ಹಾಡನ್ನು ಬಿಟ್ಟರೆ, ಬರೀ ಅಕ್ಷರದ ಪರದೆಯಲ್ಲಿ ಓಡುವ ಯುನಿಕ್ಸಿನ ಹಾಗೆ ಬರೀ ಮಾತು. ಬೆಳಗಾಗುವಾಗ ವಾಲಿ ಸಾಯುವುದು ಸಾಯುವುದೇ. ಅರ್ಥಗಾರಿಕೆಯಿಂದ ಕಥೆಯ ಫಲಿತಾಂಶ ಒಮ್ಮೆಯೂ ಬದಲಾಗಿಲ್ಲ. ಹಾಗೆಂದು ಯಾವ ಪ್ರಯೋಜನವಾದಿಯೂ ಎದ್ದು ನಿಂತು, ಅಂತ್ಯ ಗೊತ್ತಿದ್ದ ಮೇಲೆ ಮಾತೇಕೆ ಎಂದು ಕೇಳಿದ್ದಿಲ್ಲ. ಕೇಳಿದ್ದರೆ ವಾಲಿಗಿಂತ ಮೊದಲು ಅವನ ಕಥೆ ಮುಗಿಯುತ್ತಿತ್ತು. ಆಕ್ಟೇನ್‌ನಲ್ಲಿ ಹೊಸ ಪ್ರೋಗ್ರಾಮು ಓಡಿಸುವವನಿಗೂ ಫೋನು ವೇಗವಾಗಿದೆಯೆಂಬುದು ಗೊತ್ತು. ವ್ಯವಸ್ಥೆ ತನ್ನ ನಿಯಮದೊಳಗೇ ಇನ್ನೆಷ್ಟು ದೂರ ಬರಬಲ್ಲದು ಎಂದು ನೋಡುವ ಚಪಲ ಅವನದು, ಅರ್ಥಧಾರಿಯದೂ ಅದೇ. ಇನ್ನು ಪೋರ್ಟ್ ಮಾಡುವುದೇ ಕೃತಕ, ಮೂಲ ವ್ಯವಸ್ಥೆಗೆ ಅಪಚಾರ ಎನ್ನುವ ಮಡಿವಂತರಿಗೆ ಒಂದು ಮಾತು: ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೆ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಆಧಾರವೇ ಎಂದು ಯಕ್ಷಗಾನದ ಪಂಡಿತರು ಬಹುಕಾಲ ಜಗಳವಾಡಿದ್ದಾರೆ. ಹೌದೆಂದಾದರೆ ತೆಂಕುತಿಟ್ಟಿನ ಬುಡದಲ್ಲೇ ಮಲಯಾಳದಿಂದ ಕನ್ನಡಕ್ಕೆ ಆದ ಒಂದು ಪೋರ್ಟ್ ಇದೆ. ಬಣ್ಣದ ವೇಷದ ಮುಖದಲ್ಲಿ ಬೈಟುಗಳು ಎಲ್ಲೂ ತಿರುಗುಮುರುಗಾಗಿಲ್ಲ.

ಹೊಸದಕ್ಕೆ ಹೋಗುವುದು ಸುಲಭ ಎನ್ನುವವರು ಕನ್ನಡ ತಂತ್ರಾಂಶದ ಚರಿತ್ರೆಯನ್ನೊಮ್ಮೆ ನೋಡಲಿ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದ ಮೂಲಕ ಕರ್ನಾಟಕದ ತುಂಬ ಹಬ್ಬಿತು. ಅದು ಶುದ್ಧ ಉಪಕಾರ. ಆದರೆ ಅಕ್ಷರಗಳ ಸಂಕೇತ ಫಾಂಟಿಗೊಂದರಂತೆ ಇದ್ದ ಆ ಕಾಲದ ಕಡತಗಳನ್ನು ಈಗ ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಕೊಂಬು, ಟೋಪಿ ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ ಹೊರಡುತ್ತದೆ. ಕನ್ನಡವು 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಇತ್ತು. ಹಾಗಿದ್ದೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾಗದ ಇವತ್ತಿಗೂ ಹಳೆಯ ಫಾಂಟಿನಲ್ಲೇ ತಯಾರಾಗುತ್ತದೆ. ಸ್ವಂತ ಸರಕಾರ, ಸ್ವಂತ ರಾಜಧಾನಿ ಎರಡೂ ಇದ್ದವರ ಪಾಡು ಇದು. ವಿಚಿತ್ರವೆಂದರೆ ಇದೇ ವಿಷಯದಲ್ಲಿ ಎಣ್ಮಕಜೆಯ ಮಕ್ಕಳಿಗೆ ಅದೃಷ್ಟ ಖುಲಾಯಿಸಿದೆ: ಕೇರಳದ ಸರಕಾರಿ ಶಾಲೆಗಳು ಗ್ನೂ ಲಿನಕ್ಸ್ ಬಳಸುತ್ತವೆ, ಗಣಕದ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಲಿನಕ್ಸ್ ಯುನಿಕ್ಸಿನದೇ ಪಡಿಯಚ್ಚು. ಹೀಗಾಗಿ ಯುನಿಕ್ಸ್ ಪರಂಪರೆಯನ್ನು ಕನ್ನಡದಲ್ಲೇ ಓದಿ ಕಲಿಯುವ ಮಗುವನ್ನು ಹುಡುಕುವವರು ಪೆರ್ಲದ ಬಸ್ಸು ಹತ್ತಬೇಕಾಗುತ್ತದೆ. ಕೇರಳ ಸರಕಾರ ನಮ್ಮ ಸಿದ್ಧಾಂತಕ್ಕೆ ಇಷ್ಟು ದೊಡ್ಡ ಬೆಂಬಲ ಕೊಡುತ್ತದೆಂದು ನಾವು ಎಣಿಸಿರಲಿಲ್ಲ.

ಕೊನೆಯ ಆಕ್ಷೇಪವೇ ನಿಜವಾದ ಆಕ್ಷೇಪ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ, ಅದನ್ನು ಸತ್ತ ಯುನಿಕ್ಸಿನ ಪಕ್ಕದಲ್ಲಿ ಕೂರಿಸುವುದು ಕುಚೋದ್ಯವಲ್ಲವೇ? ಆಕ್ಟೇನ್ ನಿಂತರೆ ಹವ್ಯಾಸಿಗೆ ಬೇಸರ, ಅಷ್ಟೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕ ಬಂದು ನಿಂತರೆ ಮಕ್ಕಳ ವರ್ಷವೇ ಹಾಳು. ಕಾಸರಗೋಡಿನಲ್ಲಿ ಇದು ಮತ್ತೆ ಮತ್ತೆ ಆಗಿದೆ, ಅಪ್ಪ ಅಮ್ಮಂದಿರು ಶಾಲೆಯ ಮುಂದೆ ಕೂತು ಪ್ರತಿಭಟಿಸಿದ್ದಾರೆ. ಈ ವ್ಯತ್ಯಾಸವನ್ನು ಒಪ್ಪುತ್ತೇವೆ. ಒಪ್ಪಿದ ಮೇಲೆ ಹೋಲಿಕೆ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಐರಿಕ್ಸ್ ಬಳಕೆದಾರನಿಗೆ ಯಾರೂ ಏನನ್ನೂ ಬಾಕಿ ಇಟ್ಟಿಲ್ಲ. ಬೆಂಬಲ ಮುಗಿಯಿತು ಎಂದು ಕಂಪನಿ ತಾರೀಕು ಹಾಕಿ ತಿಳಿಸಿತು. ಎಣ್ಮಕಜೆಯವರಿಗೆ ಹಾಗೆ ಯಾರೂ ತಿಳಿಸಿಲ್ಲ. ಬದಲಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಕೊಡತಕ್ಕದ್ದು ಎನ್ನುತ್ತದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕರೆದರೆ ಓಗೊಡುವುದು ಅಪರೂಪ. ಇಂಥ ಫಂಕ್ಷನ್ನಿಗೆ ಪ್ರೋಗ್ರಾಮರುಗಳು ದೋಷ ಎನ್ನುತ್ತಾರೆ, ವರದಿ ಮಾಡುತ್ತಾರೆ, ಸರಿಯಾಗುವವರೆಗೆ ಅದೇ ವರದಿಯನ್ನು ಮತ್ತೆ ತೆರೆಯುತ್ತಾರೆ.

ಆದ್ದರಿಂದ ಎರಡು ವಿನಂತಿ. ಹಳೆಯ ಬ್ಯಾಂಕ್ ಶಾಖೆಯದೋ ಕಾಲೇಜಿನದೋ ಯುನಿಕ್ಸ್ ಯಂತ್ರ ನಿಮ್ಮ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ. ಜತೆಯ ಕೈಪಿಡಿ, ಫ್ಲಾಪಿ ಸಹಿತ ಅದನ್ನು ತೆರೆದು ನೋಡುವ ಆಸಕ್ತಿಯಿರುವ ಮಕ್ಕಳಿಗೆ ದಾಟಿಸಿ. ಎಣ್ಮಕಜೆಯವರೇ, ಮುಂದಿನ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ, ಮೇಲುಗಡೆ 1969ರ ಕಾಯ್ದೆಯನ್ನು ನಮೂದಿಸಿ, ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೇ ಲಗತ್ತಿಸಿ ಇನ್ನೊಂದು ಅರ್ಜಿ ಬರೆಯಿರಿ, ಕನ್ನಡದಲ್ಲೇ.