ನಾಳೆ ಸಬ್‌ಮಿಶನ್

ಛಾಯಾಗ್ರಾಹಕರನ್ನು ಅವರ ಪ್ರೇರಣೆಯ ಆಧಾರದ ಮೇಲೆ ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮದುವೆ, ಮುಂಜಿ, ನಾಮಕರಣಗಳಲ್ಲಿ ಹಗಲಿರುಳು ನಿಂತು ಹೊಟ್ಟೆ ಹೊರೆಯುವವರು ಮೊದಲನೆಯವರಾದರೆ, ರಜೆ ಸಿಕ್ಕಿದೊಡನೆ ರಂಗನತಿಟ್ಟಿಗೋ ಕಬಿನಿಗೋ ಹೊರಟು ಒಂದು ಮಿಂಚುಳ್ಳಿಗಾಗಿ ತಿಂಗಳ ಸಂಬಳವನ್ನೇ ಕರಗಿಸುವವರು ಎರಡನೆಯವರು. ಮೂರನೆಯ ವರ್ಗದವನು ಹಣಕ್ಕಾಗಿಯೂ ಅಲ್ಲ, ಹುಚ್ಚಿಗಾಗಿಯೂ ಅಲ್ಲ, ಆಂತರಿಕ ಮೌಲ್ಯಮಾಪನದ ಹತ್ತು ಅಂಕಗಳಿಗಾಗಿ ಚಿತ್ರ ತೆಗೆಯುವವನು. ಪದವಿ ಕಾಲೇಜುಗಳ ಪತ್ರಿಕೋದ್ಯಮ ಮತ್ತು ದೃಶ್ಯ ಸಂವಹನ ವಿಭಾಗಗಳಲ್ಲಿ ಎಲ್ಲೆಡೆ ಕಂಡುಬರುವ ಈ ಅಸೈನ್‌ಮೆಂಟ್ ಛಾಯಾಗ್ರಾಹಕನು ಮೈಸೂರಿನಲ್ಲಿ ವಿಶೇಷವಾಗಿ ಹುಲುಸಾಗಿ ಬೆಳೆಯಲು ಕಾರಣವುಂಟು: ಪರಂಪರೆ ಎಂದು ವಿಷಯ ಕೊಟ್ಟರೆ ಅರಮನೆ, ವಾಸ್ತುಶಿಲ್ಪ ಎಂದರೆ ಸಂತ ಫಿಲೋಮಿನಾ ಚರ್ಚು, ಪಕ್ಷಿ ಎಂದರೆ ಕಾರಂಜಿ ಕೆರೆ, ಜನಜೀವನ ಎಂದರೆ ದೇವರಾಜ ಮಾರುಕಟ್ಟೆ, ಹೀಗೆ ಪಠ್ಯಕ್ರಮದ ಪ್ರತಿಯೊಂದು ಘಟಕಕ್ಕೂ ಆ ಊರು ಸಿಟಿ ಬಸ್ಸಿನಲ್ಲಿ ಹೋಗಿ ಮುಟ್ಟಬಹುದಾದ ಉತ್ತರವೊಂದನ್ನು ಮೊದಲೇ ಕಟ್ಟಿಸಿಟ್ಟಿದೆ.

ಈತನನ್ನು ಗುರುತಿಸುವುದು ಕಷ್ಟವಲ್ಲ. ಕೊರಳಲ್ಲಿ ತಯಾರಕರ ಹೆಸರನ್ನು ದಪ್ಪಕ್ಷರಗಳಲ್ಲಿ ಸಾರುವ ಪಟ್ಟಿ ಇರುತ್ತದೆ, ಆದರೆ ಆ ಪಟ್ಟಿಗೆ ಕಟ್ಟಿಕೊಂಡಿರುವ ಕ್ಯಾಮೆರಾ ಅವನದಾಗಿರುವುದಿಲ್ಲ. ಇಡೀ ತರಗತಿಗೆ ವಿಭಾಗದಲ್ಲಿರುವುದು ಎರಡೇ ಕ್ಯಾಮೆರಾಗಳಾದ್ದರಿಂದಲೂ, ಅವುಗಳಲ್ಲಿ ಒಂದು ರಿಪೇರಿಗೆ ಹೋಗಿರುವುದು ವಾಡಿಕೆಯಾದ್ದರಿಂದಲೂ, ಅವನು ಸೋದರಮಾವನ ಗಾಡ್ರೆಜ್ ಬೀರುವಿಗೆ ಶರಣಾಗುತ್ತಾನೆ. ಅಲ್ಲಿ, ಮದುವೆಯಾದ ಹೊಸತರಲ್ಲಿ ಊಟಿಗೆಂದು ಕೊಂಡು ಆಮೇಲೆ ಟವೆಲ್ಲಿನಲ್ಲಿ ಸುತ್ತಿಟ್ಟ ಕ್ಯಾಮೆರಾವೊಂದು ನುಸಿಗುಳಿಗೆಯ ವಾಸನೆಯೊಂದಿಗೆ ಕಾಯುತ್ತಿರುತ್ತದೆ. ಅದರ ಜೊತೆಗೇ ಬಂದದ್ದು ಕಿಟ್ ಲೆನ್ಸ್, ಅಂದರೆ 18ರಿಂದ 55 ಮಿಲಿಮೀಟರಿನವರೆಗೆ ಹಿಗ್ಗಿ ಕುಗ್ಗುವ, ಎಲ್ಲವನ್ನೂ ಸುಮಾರಾಗಿ ಮಾಡಬಲ್ಲ, ಯಾವುದನ್ನೂ ಅಮೋಘವಾಗಿ ಮಾಡದ ಮಸೂರ. "ಬೀಳಿಸಬೇಡ ಕಣೋ, ನಿಮ್ಮತ್ತೆಗೆ ಹೇಳಿಲ್ಲ" ಎಂಬ ಮಾವನ ಮಾತು ಈ ಶಿಕ್ಷಣದ ಮೊದಲ ಪಾಠ.

ಎರಡನೆಯ ಪಾಠವನ್ನು ಎಕ್ಸ್‌ಪೋಶರ್ ತ್ರಿಕೋನ ಎನ್ನುತ್ತಾರೆ. ಮಸೂರದ ಕಂಡಿಯ ಅಗಲವಾದ ಅಪರ್ಚರ್, ಆ ಕಂಡಿಯಿಂದ ಬಂದ ಬೆಳಕು ಸಂವೇದಕದ ಮೇಲೆ ಬೀಳುವ ಅವಧಿಯಾದ ಶಟರ್ ವೇಗ, ಹಾಗೆ ಬಿದ್ದ ಬೆಳಕಿನ ಸಂಕೇತವನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕೆಂದು ಹೇಳುವ ಐಎಸ್‌ಒ ಸಂಖ್ಯೆ, ಇವು ಮೂರೂ ಸೇರಿ ಚಿತ್ರ ಎಷ್ಟು ಬೆಳ್ಳಗಿರಬೇಕು ಎಂಬುದನ್ನು ತೀರ್ಮಾನಿಸುತ್ತವೆ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. ಇಲ್ಲಿಯವರೆಗೆ ವಿದ್ಯಾರ್ಥಿ ತಲೆಯಾಡಿಸುತ್ತಾನೆ. ಆದರೆ ಎಫ್ 2.8 ಎಂದರೆ ದೊಡ್ಡ ಕಂಡಿ, ಎಫ್ 16 ಎಂದರೆ ಸಣ್ಣ ಕಂಡಿ ಎಂದೊಡನೆ ಅವನ ನಂಬಿಕೆ ಅಲುಗುತ್ತದೆ. ಮಸೂರದ ನಾಭಿದೂರವನ್ನು ಕಂಡಿಯ ವ್ಯಾಸದಿಂದ ಭಾಗಿಸಿ ಈ ಸಂಖ್ಯೆಯನ್ನು ಪಡೆಯುವುದರಿಂದ ಕಂಡಿ ಕಿರಿದಾದಂತೆ ಸಂಖ್ಯೆ ಹಿರಿದಾಗುತ್ತದೆ ಎಂಬ ವಿವರಣೆಯನ್ನು ಅವನು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅರ್ಥವಾಗುವುದು ಮುಂದಿನ ಸೆಮಿಸ್ಟರಿನಲ್ಲಿ.

ಶಟರ್ ವೇಗವನ್ನು ತೋರಿಸುವ ಚಿತ್ರ ತನ್ನಿ ಎಂದು ಹೇಳಿದರೆ, ಈ ವರ್ಗದವರೆಲ್ಲರೂ ಒಬ್ಬರನ್ನೊಬ್ಬರು ಕೇಳದೆಯೇ ಮನೆಗೆ ಹೋಗಿ ಅಂಗಾತ ಮಲಗಿ ಸೀಲಿಂಗ್ ಫ್ಯಾನಿನ ಚಿತ್ರ ತೆಗೆಯುತ್ತಾರೆ. ಸೆಕೆಂಡಿನ 15ನೇ ಒಂದು ಭಾಗದಲ್ಲಿ ರೆಕ್ಕೆಗಳು ಕಲಸಿಹೋಗುತ್ತವೆ, 1000ನೇ ಒಂದು ಭಾಗದಲ್ಲಿ ಸ್ಥಿರವಾಗಿ ನಿಲ್ಲುತ್ತವೆ. ಹಾಗೆ ನಿಂತಾಗ ರೆಕ್ಕೆಗಳ ಅಂಚಿನಲ್ಲಿರುವ ದೂಳನ್ನು ನೋಡಿ ತಾಯಿ ಆ ಭಾನುವಾರವೇ ಮಗನ ಕೈಗೆ ಸ್ಟೂಲನ್ನೂ ಒದ್ದೆ ಬಟ್ಟೆಯನ್ನೂ ಕೊಡುವುದು ಈ ಪ್ರಯೋಗದ ಉಪಫಲ. ಅಪರ್ಚರಿಗೆ ದೇವರ ಮನೆಯ ಮೂರು ಹಿತ್ತಾಳೆ ದೀಪಗಳು ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಸ್ಪಷ್ಟವಾಗಿಯೂ ಉಳಿದೆರಡು ಮಸುಕಾಗಿಯೂ ಬರಬೇಕು. ಚಿತ್ರದಲ್ಲಿ ಎಷ್ಟು ಆಳದವರೆಗೆ ಸ್ಪಷ್ಟತೆ ಇದೆ ಎಂಬುದನ್ನು ಸೂಚಿಸುವ ಈ ಗುಣಕ್ಕೆ ಡೆಪ್ತ್ ಆಫ್ ಫೀಲ್ಡ್ ಎಂದು ಹೆಸರು. ಅಂದು ಸಂಜೆಯ ದೀಪ ತಡವಾಗಿ ಹೊತ್ತಿಕೊಳ್ಳುತ್ತದೆ.

ಮೂರನೆಯ ಪಾಠ ಸಂಯೋಜನೆ. ಚೌಕಟ್ಟನ್ನು ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳಿಂದ ಒಂಬತ್ತು ಮನೆಗಳಾಗಿ ವಿಭಾಗಿಸಿ, ಮುಖ್ಯ ವಸ್ತುವನ್ನು ಗೆರೆಗಳು ಕೂಡುವಲ್ಲಿ ಇರಿಸಬೇಕೆನ್ನುವ ಮೂರನೇ ಒಂದರ ನಿಯಮವನ್ನು ಕಲಿತ ವಾರದಿಂದ ಈತ ಯಾರನ್ನೂ ನಡುವೆ ನಿಲ್ಲಿಸುವುದಿಲ್ಲ. ಅಕ್ಕನ ಸೀಮಂತದಲ್ಲಿ ಅಕ್ಕ ಎಡಗಡೆಯ ಅಂಚಿನಲ್ಲಿದ್ದು, ಉಳಿದ ಮೂರನೇ ಎರಡು ಭಾಗದಲ್ಲಿ ಖಾಲಿ ಗೋಡೆಯೂ ಸಹಕಾರಿ ಬ್ಯಾಂಕಿನ ಕ್ಯಾಲೆಂಡರೂ ಇದ್ದ ಚಿತ್ರವನ್ನು ಕಂಡು ಭಾವನವರು ಏನೂ ಅನ್ನಲಿಲ್ಲವಾದರೆ ಅದಕ್ಕೆ ಕಾರಣ ಅವರ ಸೌಜನ್ಯ. ನೋಟವನ್ನು ಒಳಗೆ ಸೆಳೆಯುವ ರೇಖೆಗಳ ಅಸೈನ್‌ಮೆಂಟ್ ಬಂದಾಗ ಇಡೀ ತಂಡ ರೈಲು ಹಳಿಗಳತ್ತ ಹೊರಡುತ್ತದೆ. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೆಂಬುದನ್ನು ಪೊಲೀಸರು ವಿವರಿಸಿದ ಮೇಲೆ, ಕಾಲೇಜಿನ ಕಾರಿಡಾರಿಗೂ ಅಂಥದೇ ರೇಖೆಗಳಿರುವುದು ಅವರಿಗೆ ಮೊದಲ ಬಾರಿಗೆ ಕಾಣಿಸುತ್ತದೆ.

ಬೀದಿ ಛಾಯಾಗ್ರಹಣದ ಘಟಕ ಈ ವರ್ಗವನ್ನು ದೇವರಾಜ ಮಾರುಕಟ್ಟೆಗೆ ತಲುಪಿಸುತ್ತದೆ. ಕುಂಕುಮ ಮತ್ತು ಬಣ್ಣದ ಪುಡಿಗಳನ್ನು ಶಂಕುವಿನಾಕಾರದಲ್ಲಿ ಒಟ್ಟಿರುವ ಅಂಗಡಿಯ ಮುಂದೆ, ಜನಜೀವನವನ್ನು ಅದರ ಅರಿವಿಗೆ ಬಾರದಂತೆ ಸೆರೆಹಿಡಿಯಬೇಕೆಂಬ ಉಪನ್ಯಾಸಕರ ಸೂಚನೆಯನ್ನು ನೆನೆಯುತ್ತ ವಿದ್ಯಾರ್ಥಿ ಕಂಬದ ಮರೆಯಲ್ಲಿ ನಿಲ್ಲುತ್ತಾನೆ. ಆದರೆ ಅಂಗಡಿಯಾತ ಎಷ್ಟೋ ಬ್ಯಾಚುಗಳನ್ನು ಕಂಡವನು. "ಯಾವ ಕಾಲೇಜಪ್ಪಾ? ಮರೆಯಲ್ಲಿ ಯಾಕೆ ನಿಂತೆ, ಈ ಕಡೆ ಬಾ. ಬೆಳಿಗ್ಗೆ ಎಂಟಕ್ಕೆ ಬಂದಿದ್ದರೆ ಬಿಸಿಲು ಓರೆಯಾಗಿ ಬೀಳ್ತಿತ್ತು, ಈಗ ಏನ್ ಬರುತ್ತೆ ಮಣ್ಣು?" ಎಂದು ಹೇಳಿ, ನೀಲಿಯ ಗುಡ್ಡೆಯನ್ನು ಅಂಗೈಯಿಂದ ತಟ್ಟಿ ಚೂಪು ಮಾಡಿ, ಹಳದಿಯ ಪಕ್ಕದಿಂದ ಪ್ಲಾಸ್ಟಿಕ್ ಮಗ್ಗನ್ನು ಸರಿಸಿ, ತಾನು ಬೇರೆ ಕಡೆ ನೋಡುತ್ತ ಸಹಜವಾಗಿ ಕೂರುತ್ತಾನೆ. ಓರೆ ಬಿಸಿಲು ವಸ್ತುಗಳ ಮೈಯ ಉಬ್ಬುತಗ್ಗನ್ನು ಎತ್ತಿ ತೋರಿಸುತ್ತದೆಂಬ ಪಾಠವನ್ನು ಇಷ್ಟು ಕಡಿಮೆ ಮಾತುಗಳಲ್ಲಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಚಿತ್ರವಾದ ಮೇಲೆ ಅರ್ಧ ಪಾವು ಕುಂಕುಮ ಕೊಳ್ಳುವುದು ದಾಕ್ಷಿಣ್ಯ. ಹೀಗಾಗಿ ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ ಈ ವಿದ್ಯಾರ್ಥಿಯ ಮನೆಯಲ್ಲಿ ಮುತ್ತೈದೆಯರಿಗೆ ಕೊಡಲು ಕುಂಕುಮದ ಕೊರತೆ ಇರುವುದಿಲ್ಲ.

ಅಸೈನ್‌ಮೆಂಟಿನ ಪೀಠಿಕೆಯಲ್ಲಿ ಟಿ.ಎಸ್. ಸತ್ಯನ್ ಅವರ ಹೆಸರು ಬರುವುದು ಕಡ್ಡಾಯ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯ ಮಹಾರಾಜ ಕಾಲೇಜಿನಲ್ಲಿ ಓದಿ, ಮುಂದೆ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ಊರೂರು ಸುತ್ತಿ ಸಾಮಾನ್ಯ ಜನರ ಬದುಕನ್ನು ದಾಖಲಿಸಿ, 1977ರಲ್ಲಿ ಪದ್ಮಶ್ರೀ ಪಡೆದ ಈ ಪತ್ರಿಕಾ ಛಾಯಾಗ್ರಾಹಕರ ವಿವರವನ್ನು ಹಿಂದಿನ ವರ್ಷದ ಹಿರಿಯ ವಿದ್ಯಾರ್ಥಿಯ ದಾಖಲೆ ಪುಸ್ತಕದಿಂದ, ಕಾಗುಣಿತದ ತಪ್ಪುಗಳ ಸಮೇತ, ಇಳಿಸಿಕೊಳ್ಳುವುದು ಪರಂಪರೆ. ಸತ್ಯನ್ ಅವರ ತಲೆಮಾರಿನವರು ಬಳಸಿದ 35 ಮಿಲಿಮೀಟರ್ ಫಿಲ್ಮ್ ಸುರುಳಿಯಲ್ಲಿ 36 ಚಿತ್ರಗಳು, ಚೌಕಾಕಾರದ ಚಿತ್ರ ಕೊಡುವ ಕ್ಯಾಮೆರಾಗಳ 120 ಸುರುಳಿಯಲ್ಲಿ 12 ಚಿತ್ರಗಳು ಹಿಡಿಯುತ್ತಿದ್ದವು. ಒಂದೊಂದಕ್ಕೂ ದುಡ್ಡು ಬೀಳುತ್ತಿದ್ದುದರಿಂದ ಗುಂಡಿ ಒತ್ತುವ ಮುನ್ನ ಯೋಚಿಸಬೇಕಾಗಿತ್ತು. 64 ಜಿಬಿ ಕಾರ್ಡಿನ ಒಡೆಯನಾದ ಇಂದಿನ ವಿದ್ಯಾರ್ಥಿ ಮೊದಲು ಒತ್ತುತ್ತಾನೆ, ಯೋಚಿಸುವ ಕೆಲಸವನ್ನು ಸಂಕಲನಕ್ಕೆ, ಅಂದರೆ ಸಲ್ಲಿಕೆಯ ಹಿಂದಿನ ರಾತ್ರಿಗೆ, ಬಿಡುತ್ತಾನೆ.

ಆ ರಾತ್ರಿಯ ಮುಖ್ಯ ಉಪಕರಣವಾದ ಫೋಟೋಶಾಪ್ ತಂತ್ರಾಂಶದ ಹುಟ್ಟು ಈ ವರ್ಗಕ್ಕೆ ಧೈರ್ಯ ತುಂಬುವಂಥದ್ದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಥಾಮಸ್ ನಾಲ್ ಎಂಬ ವಿದ್ಯಾರ್ಥಿ 1987ರಲ್ಲಿ, ತನ್ನ ಕಂಪ್ಯೂಟರಿನ ಕಪ್ಪುಬಿಳುಪು ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲು ಒಂದು ಸಣ್ಣ ಕ್ರಮವಿಧಿ ಬರೆದು, ಬಳಿಕ ಓದಿಗೆ ಬಿಡುವು ಕೊಟ್ಟು ತನ್ನ ತಮ್ಮನೊಂದಿಗೆ ಸೇರಿ ಅದನ್ನು ಬೆಳೆಸಿದ್ದರಿಂದ 1990ರಲ್ಲಿ ಅದು ಮಾರುಕಟ್ಟೆಗೆ ಬಂತು. ಮಾಡಬೇಕಾದ ಓದನ್ನು ಬದಿಗಿಟ್ಟು ಇನ್ನೊಂದರಲ್ಲಿ ಮುಳುಗುವುದರಿಂದಲೂ ಜಗತ್ತಿಗೆ ಉಪಕಾರವಾಗಬಹುದೆಂದು ತಂದೆಗೆ ಹೇಳಲು ಈತನಿಗೆ ಸಿಕ್ಕಿರುವ ಏಕೈಕ ಪುರಾವೆ ಇದು.

ಸಂಕಲನದ ರಾತ್ರಿ ನಾಲ್ಕು ಘಟ್ಟಗಳನ್ನು ದಾಟುತ್ತದೆ. ಮೊದಲನೆಯದು ಪಶ್ಚಾತ್ತಾಪ: ಸಂವೇದಕ ಕಂಡದ್ದನ್ನು ಕತ್ತರಿಸದೆ ಉಳಿಸುವ ರಾ ಕಡತದಲ್ಲಿ, ಅದು 14 ಬಿಟ್‌ಗಳದ್ದಾದರೆ, ಪ್ರತಿ ಬಣ್ಣಕ್ಕೆ 16,384 ಹಂತಗಳಿರುತ್ತವೆ, ಜೆಪೆಗ್‌ನಲ್ಲಿ 256 ಮಾತ್ರ ಎಂದು ತರಗತಿಯಲ್ಲಿ ಹೇಳಿದ್ದು, ಕಾರ್ಡಿನಲ್ಲಿ ಬರೀ ಜೆಪೆಗ್‌ಗಳೇ ಇರುವುದನ್ನು ಕಂಡಾಗ ನೆನಪಾಗುತ್ತದೆ. ಎರಡನೆಯದು ಉತ್ಸಾಹ: ಸ್ಯಾಚುರೇಶನ್ ಎಂಬ ಬಣ್ಣದ ಗಾಢತೆಯ ಪಟ್ಟಿಯನ್ನು ಬಲಕ್ಕೆಳೆದರೆ ಕಾರಂಜಿ ಕೆರೆಯ ನೀರು ಕ್ಯಾಂಟೀನಿನ ಪುದೀನ ಚಟ್ನಿಯ ಬಣ್ಣಕ್ಕೆ ತಿರುಗುತ್ತದೆ, ಅದು ಅವನಿಗೆ ಇಷ್ಟವಾಗುತ್ತದೆ. ಮೂರನೆಯದು ಸೃಷ್ಟಿ: ಬಿಳಚಿಕೊಂಡ ಆಕಾಶವನ್ನು ತೆಗೆದು ಬೇರೊಂದನ್ನು ಅಂಟಿಸುವ ಸೌಲಭ್ಯ ಕೈಗೆ ಸಿಗುತ್ತದೆ. ಈ ಘಟ್ಟದಲ್ಲಿಯೇ 'ಅರಮನೆಯ ಹಿಂದೆ ಸೂರ್ಯೋದಯ' ಎಂಬ ಚಿತ್ರ ರೂಪುಗೊಳ್ಳುವುದು. ಅರಮನೆ ಪೂರ್ವಾಭಿಮುಖವಾಗಿರುವುದರಿಂದ ಅದರ ಹಿಂದೆ ಹುಟ್ಟಲು ಸೂರ್ಯನು ಪಶ್ಚಿಮಕ್ಕೆ ಬರಬೇಕಾಗುತ್ತದೆಂಬುದನ್ನು ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಇನ್ನೂ ಐದು ಮಂದಿಯ ಚಿತ್ರಗಳಲ್ಲಿ ಅದೇ ಮೋಡಗಳು ಅದೇ ಜಾಗದಲ್ಲಿ ತೇಲುತ್ತಿರುವುದನ್ನು ಕಂಡ ಮೇಲೆ ಬರೆಯುವುದನ್ನು ಬಿಡುತ್ತಾರೆ.

ನಾಲ್ಕನೆಯ ಘಟ್ಟ ಭಾವಚಿತ್ರದ್ದು. ಮನೆಯಲ್ಲಿ ಅಲುಗದೆ ಕೂರುವವರು ಅಜ್ಜಿಯೊಬ್ಬರೇ ಆದ್ದರಿಂದ ವೃದ್ಧಾಪ್ಯವೆಂಬ ವಿಷಯ ಅವರ ಪಾಲಿಗೆ ಬರುತ್ತದೆ. ಮಧ್ಯಮ ಛಾಯೆಗಳ ನಡುವಿನ ವ್ಯತ್ಯಾಸವನ್ನು ಹರಿತಗೊಳಿಸುವ ಕ್ಲಾರಿಟಿ ಪಟ್ಟಿಯನ್ನು ಕೊನೆಯವರೆಗೆ ಎಳೆದು, ಬಣ್ಣ ತೆಗೆದು, ನಾಲ್ಕು ಮೂಲೆಗಳನ್ನು ಕಪ್ಪಾಗಿಸಿ ಮೊಮ್ಮಗ ಪರದೆಯನ್ನು ತಿರುಗಿಸುತ್ತಾನೆ. "ಇದ್ಯಾರೋ ಇದು?" "ನೀನೇ ಅಜ್ಜಿ." "ನಾನ್ಯಾವಾಗ ಇಷ್ಟು ಕಷ್ಟಪಟ್ಟೆ?" ದಾರಿದ್ರ್ಯ ಮತ್ತು ದುಃಖಗಳು ಚಿತ್ರದ ವಸ್ತುವಿನಲ್ಲಿವೆಯೋ ಸಂಕಲನದ ಪಟ್ಟಿಯಲ್ಲಿವೆಯೋ ಎಂಬ, ಛಾಯಾಗ್ರಹಣದ ನೀತಿಶಾಸ್ತ್ರದಲ್ಲಿ ಬಹುಕಾಲದಿಂದ ಇತ್ಯರ್ಥವಾಗದ ಪ್ರಶ್ನೆಯನ್ನು ಅಜ್ಜಿ ಮೂರು ಪದಗಳಲ್ಲಿ ಎತ್ತಿ ಮಲಗಲು ಹೋಗುತ್ತಾರೆ. ಮೊಮ್ಮಗ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತಾನೆ, ಮತ್ತೆ ಏರಿಸುತ್ತಾನೆ, ಎರಡು ಗಂಟೆಯ ಹೊತ್ತಿಗೆ ಸೊನ್ನೆಗೆ ತರುತ್ತಾನೆ. ಸಂಕಲನವೆಂದರೆ ಏನನ್ನು ಮಾಡದೆ ಬಿಡಬೇಕೆಂಬ ತಿಳಿವಳಿಕೆ ಎಂಬುದು ಅವನಿಗೆ ಹೊಳೆಯುವುದು ಸುಮಾರಾಗಿ ಆಗಲೇ.

ಮೌಲ್ಯಮಾಪನದ ದಿನ ಅವನ ವಿರುದ್ಧ ಸಾಕ್ಷಿ ಹೇಳುವುದು ಎಕ್ಸಿಫ್. ಚಿತ್ರ ತೆಗೆದ ದಿನಾಂಕ, ವೇಳೆ, ಮಸೂರ, ಅಪರ್ಚರ್ ಮೊದಲಾದವನ್ನು ಕ್ಯಾಮೆರಾ ತಾನಾಗಿಯೇ ಕಡತದೊಳಗೆ ಬರೆದಿಡುವ ಮಾಹಿತಿಗೆ ಈ ಹೆಸರಿದೆ. 'ಮಾರುಕಟ್ಟೆಯಲ್ಲಿ ಒಂದು ವಾರ' ಎಂಬ ಸರಣಿಯ ಹತ್ತೂ ಚಿತ್ರಗಳು ಒಂದೇ ಮಧ್ಯಾಹ್ನದ ಇಪ್ಪತ್ತು ನಿಮಿಷಗಳಲ್ಲಿ ಹುಟ್ಟಿದ್ದನ್ನೂ, ಸೂರ್ಯಾಸ್ತಕ್ಕೆ ಮುಂಚಿನ ಹೊಂಬೆಳಕು ಎಂದು ಶೀರ್ಷಿಕೆ ಹೊತ್ತದ್ದು ಒಂದೂಕಾಲರ ಬಿಸಿಲೆಂಬುದನ್ನೂ ಅದು ಮುಚ್ಚಿಡುವುದಿಲ್ಲ. ವಾಟ್ಸ್ಆಪ್ ಮೂಲಕ ಚಿತ್ರವಾಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆಂದು ತಿಳಿದವರು ಬುದ್ಧಿವಂತರೆನಿಸಿಕೊಳ್ಳುತ್ತಾರೆ. ಅದರೊಂದಿಗೆ ಚಿತ್ರವೂ ಕುಗ್ಗುವುದರಿಂದ, ಹನ್ನೆರಡಕ್ಕೆ ಎಂಟು ಅಂಗುಲದ ಪ್ರಿಂಟಿನಲ್ಲಿ ಮುಖಗಳು ಚೌಕಳಿಯಾಗಿ ಒಡೆದಾಗ ಆ ಬುದ್ಧಿವಂತಿಕೆ ಕೊನೆಗೊಳ್ಳುತ್ತದೆ. ಪ್ರಿಂಟು ಹಾಕುವ ಸ್ಟುಡಿಯೋದವರಂತೂ "ಸ್ವಲ್ಪ ಬ್ರೈಟ್ ಮಾಡ್ಬಿಟ್ಟಿದೀನಿ, ಕಪ್ಪಗಿತ್ತು" ಎಂದು, ರಾತ್ರಿಯಿಡೀ ಕಾಪಾಡಿದ ನೆರಳುಗಳನ್ನು ಒಂದೇ ಗುಂಡಿಯಲ್ಲಿ ನಿವಾರಿಸಿ ಕೊಟ್ಟಿರುತ್ತಾರೆ.

ಈ ಶಿಕ್ಷಣದ ಸಾಮಾಜಿಕ ಫಲ ಅಂಕಪಟ್ಟಿಗಿಂತ ಬೇಗ ಬರುತ್ತದೆ. ಬಂಧುಬಳಗದ ಗೃಹಪ್ರವೇಶಗಳಲ್ಲಿ "ನಮ್ಮ ಹುಡುಗನೇ ಇದ್ದಾನಲ್ಲ, ಫೋಟೋದವರಿಗೆ ಯಾಕೆ ದುಡ್ಡು" ಎಂಬ ಮಾತು ಹುಟ್ಟುತ್ತದೆ. ಪಾಸ್‌ಪೋರ್ಟ್ ಅಳತೆಯ ಚಿತ್ರ, ಜಾತಕದ ಜೊತೆ ಕಳಿಸುವ ಚಿತ್ರ, ಗತಿಸಿದ ತಾತನನ್ನು ಗುಂಪು ಚಿತ್ರದಿಂದ ಬೇರ್ಪಡಿಸಿ ಕೋಟು ತೊಡಿಸುವ ಕೆಲಸ, ಎಲ್ಲವೂ ಅವನ ಪಾಲಾಗುತ್ತವೆ. ಅಂಕವಿಲ್ಲದ ಈ ಅಸೈನ್‌ಮೆಂಟುಗಳಲ್ಲಿ ಅವನು ಕಲಿಯುವ ಲೇಯರ್ ತಂತ್ರ, ಅಂದರೆ ಚಿತ್ರದ ಭಾಗಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು ಬೇರೆಬೇರೆಯಾಗಿ ತಿದ್ದುವ ವಿಧಾನ, ಪರೀಕ್ಷೆಗೆ ಓದಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ಯಾಕೆಂದರೆ ತಾತನ ಕೋಟಿನ ಕಾಲರ್ ಸೊಟ್ಟಗಿದ್ದರೆ ದೊಡ್ಡಮ್ಮ ಅಂಕ ಕಳೆಯುವುದಿಲ್ಲ, ಎದುರಿಗೇ ಅಳುತ್ತಾರೆ.

ನಿಜವಾದ ಸಂಕಟ ಬರುವುದು ಕೊನೆಯ ಸೆಮಿಸ್ಟರಿನಲ್ಲಿ, 'ನಿಮಗೆ ಇಷ್ಟವಾದ ವಿಷಯ' ಎಂಬ ಅಸೈನ್‌ಮೆಂಟ್ ಕೈಗೆ ಬಂದಾಗ. ಎರಡೂವರೆ ವರ್ಷ ವಿಷಯದ ಚೀಟಿ ಹಿಡಿದು ಅದಕ್ಕೆ ತಕ್ಕ ಜಗತ್ತನ್ನು ಹುಡುಕಿದವನಿಗೆ, ಜಗತ್ತನ್ನೇ ಮುಂದಿಟ್ಟು ವಿಷಯ ನೀನೇ ಹುಡುಕು ಎಂದರೆ ಕೈಕಾಲು ಆಡುವುದಿಲ್ಲ. "ಸಾರ್, ಏನಾದ್ರೂ ಒಂದು ಟಾಪಿಕ್ ಕೊಟ್ಬಿಡಿ ಸಾರ್" ಎಂದು ಅವನು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಸಿಗದಿದ್ದಾಗ ಬಹುಪಾಲು ಮಂದಿ ಮತ್ತೆ ಕುಂಕುಮದ ಅಂಗಡಿಗೆ ಹೋಗಿ, ಪಡೆಯಬೇಕಾದ ಅಂಕ ಪಡೆದು, ಬ್ಯಾಂಕಿನ ಪರೀಕ್ಷೆಗೋ ಸುದ್ದಿವಾಹಿನಿಯ ಡೆಸ್ಕಿಗೋ ತೆರಳುತ್ತಾರೆ. ಆದರೆ ಕೆಲವರ ಕಾರ್ಡಿನಲ್ಲಿ ಸಲ್ಲಿಕೆಯ ಗಡುವು ಮುಗಿದ ಮೇಲಿನ ದಿನಾಂಕದ ಕಡತಗಳು ಸಿಗುತ್ತವೆ: ಬಸ್‌ಸ್ಟ್ಯಾಂಡಿನ ಬೆಂಚು, ಮಳೆ ನಿಂತ ಮೇಲಿನ ಸ್ಕೂಟರ್ ಸೀಟು, ಬಾಣಲೆಯ ಮುಂದೆ ಬೆವರೊರೆಸಿಕೊಳ್ಳುವ ಬೋಂಡದವನು. ಯಾರೂ ಕೇಳದ, ಯಾವ ಘಟಕಕ್ಕೂ ಸೇರದ, ಹತ್ತಕ್ಕೆ ಇಷ್ಟೆಂದು ಯಾರೂ ಬರೆಯದ ಈ ಚಿತ್ರಗಳ ಕರ್ತೃವನ್ನು ಅಸೈನ್‌ಮೆಂಟ್ ಛಾಯಾಗ್ರಾಹಕನೆಂದು ಕರೆಯಲು ಬರುವುದಿಲ್ಲ. ಅವನು ಸದ್ದಿಲ್ಲದೆ ಎರಡನೆಯ ವರ್ಗಕ್ಕೆ ದಾಟಿದ್ದಾನೆ, ಇನ್ನು ಅವನ ಸಂಬಳಕ್ಕೆ ಮಿಂಚುಳ್ಳಿಯೇ ಗತಿ.