ಸ್ರಾವಮೀಮಾಂಸೆ ಅಥವಾ ಸ್ವಹಸ್ತದುರಸ್ತಿಯ ತತ್ತ್ವವಿಚಾರ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಯಾವ ಶಾಸ್ತ್ರವೂ ಮುಂದುವರಿಯಲಾಗದೆಂಬ ಪ್ರಾಚೀನ ಮರ್ಯಾದೆಯನ್ನು ಮನ್ನಿಸಿ, ಮುಂಬಯಿಯಲ್ಲಿ ಜೂನ್ 11ರ ಆಸುಪಾಸಿಗೆ ಮಳೆಯೊಡನೆ ಅವತರಿಸಿ ಸೆಪ್ಟೆಂಬರಿನವರೆಗೆ ಪ್ರವರ್ಧಿಸುವ ಈ ಶಾಸ್ತ್ರಕ್ಕೂ ಅವನ್ನು ಹೇಳತಕ್ಕುದಾಗಿದೆ. ವಿಷಯವು ಛಾವಣಿಯ ಸೋರಿಕೆ. ಪ್ರಯೋಜನವು ಹಾಸಿಗೆ ಒದ್ದೆಯಾಗದಿರುವುದು. ಸಂಬಂಧವು ಮೇಲಿನ ಮನೆಯವರೊಡನೆ ಇದ್ದು ಕೆಟ್ಟಿರುವಂಥದು. ಅಧಿಕಾರಿಯೋ, ಏಣಿ ಹತ್ತಬಲ್ಲವನೂ, ಭಾನುವಾರ ಮನೆಯಲ್ಲಿ ಸಿಕ್ಕುವವನೂ, ಸೊಸೈಟಿಯ ಕಾರ್ಯದರ್ಶಿಗಳಿಂದ ಪತ್ರೋತ್ತರ ಬಂದೀತೆಂಬ ಆಸೆಯನ್ನು ತ್ಯಜಿಸಿದ ವಿರಕ್ತನೂ ಆಗಿರತಕ್ಕದ್ದು.

ಪ್ರಮಾಣವಿಚಾರ. ದಿಂಬಿನ ಮೇಲೆ ಬೀಳುವ ಹನಿಯು ಪ್ರತ್ಯಕ್ಷ. ಎಲ್ಲೆಲ್ಲಿ ಕೆಳಗೆ ಕಲೆಯೋ ಅಲ್ಲಲ್ಲಿ ಮೇಲೆ ಬಚ್ಚಲು ಎಂಬ ವ್ಯಾಪ್ತಿಯಿಂದ ಹುಟ್ಟುವುದು ಅನುಮಾನ. ಮೇಲಿನವರಾದರೋ ತಮ್ಮ ಬಚ್ಚಲು ಸದಾ ಒಣಗಿರುವುದೆಂಬ ಹೇತುವಿನಿಂದ ಅದನ್ನು ಖಂಡಿಸುವರು. ಪಕ್ಕದ ಮನೆಯ ಕಲೆ ನಮ್ಮದಕ್ಕಿಂತ ದೊಡ್ಡದೆಂದು ಸಮಾಧಾನ ತಾಳುವುದು ಉಪಮಾನ. ‘ಬಾರಿಶ್ ಕೇ ಬಾದ್ ದೇಖೇಂಗೆ’ ಎಂಬ ಪ್ಲಂಬರನ ಆಪ್ತವಾಕ್ಯವು ಶಬ್ದಪ್ರಮಾಣ.

ಅಭಾವವಿಚಾರ. ನೈಯಾಯಿಕರು ಹೇಳಿದ ನಾಲ್ಕು ಅಭಾವಗಳೂ ಮಾಟುಂಗದಿಂದ ಡೊಂಬಿವಲಿಯವರೆಗಿನ ಕಟ್ಟಡಗಳಲ್ಲಿ ದೃಷ್ಟಾಂತಸಮೇತ ದೊರೆಯುತ್ತವೆ. ಎಂ-ಸೀಲಿನ ಎರಡು ಮುದ್ದೆಗಳನ್ನು ಬಣ್ಣ ಒಂದಾಗುವವರೆಗೆ ನಾದಿ ಒಣಗಿದ ಜಾಗಕ್ಕೆ ಮೆತ್ತಬೇಕೆಂಬುದು ವಿಧಿ. ಜುಲೈ ತಿಂಗಳಲ್ಲಿ ಒಣಗಿದ ಜಾಗವೇ ಇಲ್ಲದಿರುವುದು ಅತ್ಯಂತಾಭಾವ. ಮೆತ್ತಿದ್ದು ಮೊದಲ ಜಡಿಮಳೆಗೆ ಕಳಚಿ ಬೀಳುವುದು ಪ್ರಧ್ವಂಸಾಭಾವ. ಹೊಣೆಯ ವಿಷಯದಲ್ಲಿರುವುದು ಅನ್ಯೋನ್ಯಾಭಾವ: ಟೆರೇಸಿನಿಂದಲೂ ಹೊರಗಿನ ಸಾಮಾನ್ಯ ಕೊಳವೆಗಳಿಂದಲೂ ಇಳಿಯುವ ನೀರು ಸೊಸೈಟಿಯ ಖರ್ಚು, ಮೇಲಿನ ಮನೆಯ ಶೌಚಾಲಯ ಸಿಂಕುಗಳಿಂದ ಇಳಿಯುವುದು ಆ ಸದಸ್ಯನ ಖರ್ಚು ಎಂದು ವಸತಿ ಸೊಸೈಟಿಗಳ ಮಾದರಿ ಉಪನಿಯಮಗಳು ವಿಧಿಸಿರುವುದರಿಂದ, ಸೊಸೈಟಿಗೆ ಸಮಸ್ತ ಜಲವೂ ಸಿಂಕಿನದಾಗಿಯೂ ಸದಸ್ಯನಿಗೆ ಸಮಸ್ತ ಜಲವೂ ಆಕಾಶದ್ದಾಗಿಯೂ ತೋರುವುದು. ನಾಲ್ಕನೆಯ ಅಭಾವವನ್ನು ಓದುಗರೇ ಹುಡುಕಿಕೊಳ್ಳಲಿ; ತಲೆಯ ಮೇಲೆ ಬೀಳುವ ಗಾರೆಗೆ ನ್ಯಾಯಶಾಸ್ತ್ರದಲ್ಲಿ ಆಸಕ್ತಿಯಿಲ್ಲ.

ವಿಂಗಡಿಸುವ ಚಟ ಈ ಲೇಖಕನೊಬ್ಬನದೇ ಅಲ್ಲ. ಮಹಾನಗರಪಾಲಿಕೆಯು ಜೀರ್ಣ ಕಟ್ಟಡಗಳನ್ನು ಸಿ-1, ಸಿ-2ಎ, ಸಿ-2ಬಿ, ಸಿ-3 ಎಂದು ಕರೆಯುತ್ತದೆ. ಮೊದಲನೆಯದನ್ನು ಕೆಡವಬೇಕು, ಕೊನೆಯದಕ್ಕೆ ತೇಪೆ ಸಾಕು. ಇದಕ್ಕಿಂತ ಹಳೆಯ ವಿಂಗಡಣೆಯೂ ಒಂದಿದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು 1940ರ ದರಕ್ಕೆ ಕಟ್ಟಿಹಾಕಿತು. ಮಾಲಿಕನು ದುರಸ್ತಿಯನ್ನು ಕೈಬಿಟ್ಟನು. 1969ರ ಕಾಯಿದೆಯಿಂದ ಸೆಸ್ ಎತ್ತಿ ದುರಸ್ತಿಮಾಡುವ ಮಂಡಳಿಯೊಂದು ಹುಟ್ಟಿ, 1940ರ ಸೆಪ್ಟೆಂಬರಿಗೆ ಮೊದಲಿನವು ಎ, 1950ರವರೆಗಿನವು ಬಿ, 1969ರವರೆಗಿನವು ಸಿ ಎಂದು ಕಟ್ಟಡಗಳಿಗೆ ವರ್ಣವ್ಯವಸ್ಥೆಯನ್ನು ಕಲ್ಪಿಸಿತು. ನಮ್ಮ ಸಮಿತಿಯು ಇಷ್ಟು ಶ್ರಮವನ್ನೂ ವಹಿಸಲಿಲ್ಲ; ಸದಸ್ಯರು ಸ್ವಾವಲಂಬನೆಯೆಂಬ ಸದ್ಗುಣವನ್ನು ಅಂಗೀಕರಿಸಿ ತಂತಮ್ಮ ಛಾವಣಿಗಳನ್ನು ಸ್ವಪ್ರಯತ್ನದಿಂದ ಸುಸ್ಥಿತಿಯಲ್ಲಿಟ್ಟುಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿ, ಅದನ್ನು ಲಿಫ್ಟಿನ ಪಕ್ಕದ ಒದ್ದೆ ಗೋಡೆಗೆ ಅಂಟಿಸಿತು.

ಸ್ವಪ್ರಯತ್ನ! ಊರಿನ ಮಂಗಳೂರು ಹಂಚಿನ ಮಾಡು ಸೋರಿದರೆ ಒಡೆದ ಹಂಚನ್ನು ತೆಗೆದು ಬೇರೊಂದನ್ನು ಸೇರಿಸಿದರಾಯಿತು. ಅಲ್ಲಿ ಮಾಡು ನಮ್ಮದು. ಇಲ್ಲಿ ನಮ್ಮ ಮಾಡು ಇನ್ನೊಬ್ಬರ ನೆಲ, ನಮ್ಮ ನೆಲ ಮತ್ತೊಬ್ಬರ ಮಾಡು. ಕಲೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಡಿಸ್ಟೆಂಪರ್ ಬಳಿದು ಗಣಪತಿಹಬ್ಬಕ್ಕೆ ಮನೆಯನ್ನು ಬೆಳಗಿಸುವ ವಿದ್ಯೆಯಲ್ಲಿ ನಾವೆಲ್ಲರೂ ಪಾರಂಗತರು. ಆದರೆ ಒಳಗಿನ ಕಬ್ಬಿಣಕ್ಕೆ ನೀರು ತಾಗಿ, ಕಡಲಗಾಳಿಯ ಉಪ್ಪೂ ಸೇರಿ, ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತ ಕಾಂಕ್ರೀಟನ್ನು ಸೀಳಿ ಕೆಡಹುವುದನ್ನು ಯಾವ ಬಣ್ಣವೂ ತಡೆಯದು. ಬಿದ್ದುಹೋಗುವ ದಿನದವರೆಗೆ ಮರೆಮಾಡೀತು, ಅಷ್ಟೆ. 2017ರ ಜುಲೈ 25ರಂದು ಘಾಟ್‌ಕೋಪರಿನ ವಸತಿ ಕಟ್ಟಡವೊಂದು ಕುಸಿದು 17 ಜನ ಸತ್ತರು. ನೆಲ ಅಂತಸ್ತನ್ನು ನವೀಕರಿಸುವಾಗ ಕಂಬಗಳಿಗೇ ಕೈಹಾಕಿದರೆಂಬುದು ಆರೋಪ. ಮರುತಿಂಗಳು 31ರಂದು, ಅಪಾಯಕಾರಿಯೆಂದು ಮೊದಲೇ ಗುರುತಿಸಲ್ಪಟ್ಟಿದ್ದ ಭೇಂಡಿ ಬಜಾರಿನ ಹುಸೇನಿ ಕಟ್ಟಡ ಬಿದ್ದು 33 ಜನ. ಗುರುತಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಸತ್ತ ಇವರು ಯಾವ ವರ್ಗದವರು ಸ್ವಾಮಿ, ಎ ವರ್ಗವೋ, ಸಿ-1 ವರ್ಗವೋ?

ನಲ್ಲಿಯ ವಾಷರ್ ಬದಲಿಸುವುದು, ಟೈಲುಗಳ ಸಂದಿಗೆ ಬಿಳಿ ಸಿಮೆಂಟ್ ತುಂಬುವುದು, ಕಿಟಕಿಗೆ ತಾಡಪತ್ರಿ ಕಟ್ಟುವುದು ಗೃಹಸ್ಥನ ಕೈಗೆ ತಕ್ಕ ಕೆಲಸಗಳು. ಅವನು ಸಂತೋಷದಿಂದ ಮಾಡಲಿ. ಟೆರೇಸಿನ ಮೇಲೆ ಇಟ್ಟಿಗೆಚೂರುಗಳನ್ನು ಇಳಿಜಾರಾಗಿ ಹಾಸಿ ಚೈನಾ ಮೊಸಾಯಿಕ್ ಕೂರಿಸುವ ಕೋಬಾ ಅವನೊಬ್ಬನಿಂದಾಗದು. ತೊಲೆಯ ಬಿರುಕಂತೂ ಆಗದು. ಮಾಡಬೇಕಾದವನೇ ಸ್ವಾವಲಂಬನೆಯನ್ನು ಉಪದೇಶಿಸತೊಡಗಿದರೆ, ಅವನು ತನ್ನ ಕೆಲಸವನ್ನು ನಮ್ಮ ಹೆಗಲಿಗೆ ದಾಟಿಸುತ್ತಿದ್ದಾನೆಂದು ತಿಳಿಯತಕ್ಕದ್ದು. 30 ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕೆಂದು ಅದೇ ಮಾದರಿ ಉಪನಿಯಮಗಳು ಹೇಳುತ್ತವೆ. ಈ ಸಲದ ವಾರ್ಷಿಕ ಸಭೆಯಲ್ಲಿ, ಚಹಾ ಸಮೋಸ ಬರುವುದಕ್ಕೆ ಮುಂಚೆ, ಆ ವರದಿಯನ್ನು ಗಟ್ಟಿಯಾಗಿ ಓದಿರೆಂದು ಯಾರಾದರೊಬ್ಬರು ಎದ್ದು ಕೇಳಬೇಕು. ಓದಿ ಮುಗಿಸುವವರೆಗೆ ಕೂರಲೂ ಕೂಡದು.